ವೈಸಿನ ಮೇಲೆ ಎರಡು ತಟ್ಟು

ನಿವೃತ್ತರಾದ ಮೇಲೆ ಜನ ಬೆಳಗಿನ ವಾಕಿಂಗಿಗೆ ಹೋಗುತ್ತಾರೆ, ದೇವಸ್ಥಾನದ ಕಮಿಟಿ ಸೇರುತ್ತಾರೆ, ಇಲ್ಲವೇ ಸೈಟಿನ ತಕರಾರು ಹಿಡಿದುಕೊಂಡು ಕೋರ್ಟಿಗೆ ಅಲೆಯುತ್ತಾರೆ. ನಾನು ಮಿಲ್ಲಿಂಗ್ ಮಶೀನು ಹುಡುಕಿಕೊಂಡು ಹೊರಟೆ. ಹಾಸನದಿಂದ ಬೂವನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಮನೆ ಇದೆ. ಹಿಂದೆ ಶೀಟು ಹೊದಿಸಿದ ಶೆಡ್ಡು. ಮದುವೆಯಾಗಲಿಲ್ಲವಾದ್ದರಿಂದ ಮನೆಯಲ್ಲಿ ಬೇಡ ಎನ್ನುವವರು ಯಾರೂ ಇರಲಿಲ್ಲ. ಬೇಕು ಎನ್ನುವವರೂ ಇರಲಿಲ್ಲ ಅನ್ನಿ.

ಮಿಲ್ಲಿಂಗ್ ಮಶೀನು ಅಂದರೆ ಅಕ್ಕಿ ಗಿರಣಿ ಎಂದುಕೊಳ್ಳುವವರು ನಮ್ಮ ಬೀದಿಯಲ್ಲೇ ನಾಲ್ವರಿದ್ದಾರೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಲೇತ್ ಮಶೀನಿನಲ್ಲಿ ಕಬ್ಬಿಣದ ತುಂಡು ತಿರುಗುತ್ತದೆ, ಕೊರೆಯುವ ಉಳಿ ತಿರುಗದೆ ಇರುತ್ತದೆ. ಮಿಲ್ಲಿಂಗಿನಲ್ಲಿ ಉಲ್ಟಾ. ಹಲ್ಲುಗಳಿರುವ ಕಟ್ಟರು ತಿರುಗುತ್ತದೆ, ಟೇಬಲ್ಲಿನ ಮೇಲೆ ಬಿಗಿದಿಟ್ಟ ತುಂಡು ಅದರ ಕೆಳಗೆ ನಿಧಾನಕ್ಕೆ ಹಾಯುತ್ತದೆ. ಗಾಣದ ಗೇರಿಗೆ ಹಲ್ಲು ಹಾಕಬೇಕಾದರೂ, ಟಿಲ್ಲರಿನ ಶಾಫ್ಟಿಗೆ ಕೀಲು ಕೂರುವ ಸೀಳು ತೆಗೆಯಬೇಕಾದರೂ ಇದೇ ಮಶೀನು. ಹಾಸನದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಇದೊಂದೇ ಕೆಲಸ. ಬಿಟ್ಟು ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಅಂಚನ್ನು ಮೇಜಿನ ಅಂಚಿಗೆ ಸಮ ಮಾಡುತ್ತಾ ಕೂರುತ್ತಿದ್ದೆ. ಇದು ಒಳ್ಳೆಯ ಲಕ್ಷಣವಲ್ಲ ಎಂದು ನನಗೇ ಅನ್ನಿಸಿತು.

ಮೊದಲು ನೋಡಿದ್ದು ಹಾಸನದಲ್ಲೇ, ಹೊಸ ಮಶೀನು ಮಾರುವ ಒಂದು ಅಂಗಡಿಯಲ್ಲಿ. ಮೇಜಿನ ಮೇಲೆ ಕೂರಿಸುವಂಥ ಸಣ್ಣದು. ಹಸಿರು ಬಣ್ಣ, ಪ್ಲಾಸ್ಟಿಕ್ಕಿನ ಹಿಡಿ, ಮನೆಯ ಪ್ಲಗ್ಗಿಗೇ ಸಿಕ್ಕಿಸಬಹುದು. ಮಾರುವವನಿಗೆ ಮೂವತ್ತರ ವಯಸ್ಸಿರಬಹುದು, ಇಸ್ತ್ರಿ ಮಾಡಿದ ಅಂಗಿ. ನನ್ನನ್ನು ನೋಡಿದ ಕೂಡಲೇ ಶುರು ಮಾಡಿದ.

"ಸರ್, ಇದರ ಪ್ಲಸ್ ಪಾಯಿಂಟ್ ಏನಂದ್ರೆ ಯಾರೂ ಬೇಕಾಗಿಲ್ಲ. ಒಬ್ರೇ ಎತ್ತಿ ಇಡಬಹುದು, ಒಬ್ರೇ ಫಿಟ್ ಮಾಡಬಹುದು, ಒಬ್ರೇ ಓಡಿಸಬಹುದು."

ಅವನು ಮೂರು ಸಲ 'ಒಬ್ರೇ' ಎಂದದ್ದು ನನಗೆ ಹಿಡಿಸಲಿಲ್ಲ. ಅವನ ಹತ್ತಿರವೇ ಡಯಲ್ ಗೇಜು ಕೇಳಿದೆ. ಗಡಿಯಾರದಂಥ ಮುಖ, ಒಂದೇ ಮುಳ್ಳು, ಕೂದಲೆಳೆಗಿಂತ ಸಣ್ಣ ಅಲುಗಾಟವನ್ನೂ ತೋರಿಸುವ ಅಳತೆ ಸಾಮಾನು ಅದು. ಅದನ್ನು ಟೇಬಲ್ಲಿನ ಮೇಲೆ ಕೂರಿಸಿ, ಕಟ್ಟರು ಹಿಡಿಯುವ ಭಾಗಕ್ಕೆ ತಾಕಿಸಿ, ಮಶೀನಿನ ಕಂಬಕ್ಕೆ ಅಂಗೈ ಊರಿ ಒತ್ತಿದೆ. ಬಾಗಿಲು ತಳ್ಳಿದಷ್ಟೇ ಬಲ. ಮುಳ್ಳು ಕಾಲು ಸುತ್ತು ಓಡಿತು.

"ಯಾರೂ ಹಂಗೆ ಒತ್ತಲ್ಲ ಸರ್," ಎಂದ.

"ಕಬ್ಬಿಣ ಒತ್ತುತ್ತಪ್ಪಾ," ಎಂದು ಹೇಳಿ ಹೊರಗೆ ಬಂದೆ. ಅಂಗಡಿಯವರ ಜೊತೆ ಹೀಗೆ ಮಾತಾಡಿ ಹೆಸರು ಕೆಡಿಸಿಕೊಳ್ಳುವುದು ನನ್ನ ಹಳೆಯ ಚಾಳಿ.

ಮಶೀನು ಗೊತ್ತಾಗುವ ಮೊದಲೇ ನಾನು ಅದರ ಸಾಮಾನು ಕೊಳ್ಳಲು ಶುರು ಮಾಡಿದೆ. ಹೆಣ್ಣು ಗೊತ್ತಾಗುವ ಮೊದಲೇ ಧಾರೆ ಸೀರೆ ತಂದ ಹಾಗೆ. ಹೆಣ್ಣು ನೋಡುವ ಕೆಲಸದಲ್ಲಿ ನನ್ನ ಅನುಭವ ಎಷ್ಟೆಂದು ಎಲ್ಲರಿಗೂ ಗೊತ್ತು. ಚನ್ನರಾಯಪಟ್ಟಣದ ಒಂದು ಗುಜರಿಯಲ್ಲಿ ಹಳೆಯ ಮಿಲ್ಲಿಂಗ್ ವೈಸು ಬಂದಿದೆ ಎಂದು ತಿಳಿಯಿತು. ವೈಸು ಅಂದರೆ ತುಂಡನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ. ಮಶೀನು ಎಷ್ಟು ಒಳ್ಳೆಯದಾದರೂ ವೈಸು ಸರಿಯಿಲ್ಲದಿದ್ದರೆ ಅಷ್ಟೂ ದಂಡ. ಬಸ್ಸು ಹತ್ತಿ ಹೋದೆ. ಮುರಿದ ಸೈಕಲ್ಲು, ಕೊಬ್ಬರಿ ಮಿಲ್ಲಿನ ತುಕ್ಕು ಹಿಡಿದ ಚಕ್ರ, ಬೋರ್‌ವೆಲ್ಲಿನ ಪೈಪು, ಇವುಗಳ ನಡುವೆ ಅದು ಮಣ್ಣು ಮೆತ್ತಿಕೊಂಡು ಕೂತಿತ್ತು. ಬನಿಯನ್ ಬಟ್ಟೆಯ ಚಿಂದಿಯಲ್ಲಿ ಒರೆಸಿದೆ. ದವಡೆ ಒಂದಿಷ್ಟೂ ಸವೆದಿರಲಿಲ್ಲ.

"ಒಂದೇ ಪೀಸ್ ಸಾಬ್, ಫಸ್ಟ್ ಕ್ಲಾಸ್ ಮಾಲು," ಎಂದ ಗುಜರಿಯವನು. "ಜೊತೆಗೆ ಯಾರೂ ಬಂದಿಲ್ವಾ, ಎತ್ತೋಕೆ?"

ಯಾರೂ ಬಂದಿಲ್ಲ ಎಂದೆ. ಗೋಣಿಚೀಲದಲ್ಲಿ ಹಾಕಿಸಿಕೊಂಡು ಬಸ್ಸಿಗೆ ಏರಿಸಿದೆ. ಶ್ರವಣಬೆಳಗೊಳದಿಂದ ಹಿಂತಿರುಗುತ್ತಿದ್ದ ಒಬ್ಬ ಯಾತ್ರಿಕ ಹೆಂಗಸು ನನ್ನ ಕಾಲಡಿಯ ಚೀಲವನ್ನು ನೋಡಿ, ಒಳಗಿರುವುದು ಮೂರ್ತಿಯೋ ಎಂದು ಕೇಳಿ ಕಾಲನ್ನು ದೂರ ಸರಿಸಿಕೊಂಡಳು. ಇರಲಿ ಎಂದು ನಾನೂ ಹೂಂ ಅಂದೆ. ಹಾಸನ ಬರುವವರೆಗೆ ಆ ಚೀಲಕ್ಕೆ ಒಳ್ಳೆಯ ಮರ್ಯಾದೆ ಸಿಕ್ಕಿತು.

ಮನೆಗೆ ತಂದು, ಸೀಮೆಎಣ್ಣೆಯಲ್ಲಿ ತೊಳೆದು, ಶೆಡ್ಡಿನ ಬೆಂಚಿನ ಮೇಲಿಟ್ಟೆ. ಮೂಲೆಯಲ್ಲಿದ್ದ ಹದಿನೇಳರ ಸ್ಪ್ಯಾನರು ತೆಗೆದುಕೊಂಡೆ. ಏನು ಯೋಚಿಸುತ್ತಿದ್ದೆನೋ, ಕೈ ತಾನಾಗಿಯೇ ವೈಸಿನ ಮೇಲೆ ಎರಡು ಸಲ ತಟ್ಟಿತು. ಟಣ್, ಟಣ್. ಆಮೇಲೆ ನಾನು ಬಲಗಡೆಗೆ ತಿರುಗಿ ನೋಡಿದೆ. ಬಲಗಡೆ ಇದ್ದದ್ದು ಗೋಡೆ. ಸ್ಪ್ಯಾನರು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಕಾರ್ಖಾನೆಯಲ್ಲಿ ನನ್ನ ಬಲಗಡೆಯ ಮಶೀನಿನಲ್ಲಿ ಇದ್ದವನು ಅರಕಲಗೂಡು ಕಡೆಯ ಒಂದು ಹಳ್ಳಿಯವನು. ಇಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು. ಇಪ್ಪತ್ತನಾಲ್ಕು ವರ್ಷ ಪಕ್ಕಪಕ್ಕದಲ್ಲಿ ನಿಂತೆವು. ನಮ್ಮ ಶಾಪಿನಲ್ಲಿ ಬಾಯಿಮಾತು ಕೇಳುತ್ತಿರಲಿಲ್ಲ, ಅಷ್ಟು ಗದ್ದಲ. ಸ್ಪ್ಯಾನರಿನಿಂದ ವೈಸಿಗೆ ತಟ್ಟಿದರೆ ಆ ಟಣ್ ಎನ್ನುವ ಸಣ್ಣ ಸದ್ದು ಮಾತ್ರ ಎಲ್ಲ ಗದ್ದಲವನ್ನೂ ಸೀಳಿಕೊಂಡು ಬರುತ್ತಿತ್ತು. ಹಾಗಾಗಿ ನಮ್ಮದೇ ಒಂದು ಪದ್ಧತಿ ಬೆಳೆದಿತ್ತು. ಎರಡು ತಟ್ಟಿದರೆ 'ಇದ್ದೀಯಾ, ಇತ್ತ ಒಂದು ಕೈ ಕೊಡು' ಎಂದು. ಒಂದು ತಟ್ಟಿದರೆ 'ಇದ್ದೀನಿ, ಬಂದೆ' ಎಂದು. ಭಾರದ ತುಂಡು ಎತ್ತಿಡಬೇಕಾದರೆ, ಒಬ್ಬ ಹಿಡಿದುಕೊಂಡು ಇನ್ನೊಬ್ಬ ಬಿಗಿಯಬೇಕಾದರೆ, ಎರಡು ತಟ್ಟಿ ಕಾಯುವುದು. ಆ ಕಡೆಯಿಂದ ಒಂದು ಬರುವವರೆಗೆ ಮಶೀನು ಹಾಕುವಂತಿಲ್ಲ. ಇದನ್ನು ಯಾರೂ ನಮಗೆ ಕಲಿಸಿರಲಿಲ್ಲ, ಯಾವ ಬೋರ್ಡಿನ ಮೇಲೂ ಬರೆದಿರಲಿಲ್ಲ.

ನಾನು ಮಾತುಗಾರನಲ್ಲ. ಈಗ ಲೆಕ್ಕ ಹಾಕಿದರೆ ನನ್ನ ಜೀವನದಲ್ಲಿ ಯಾರ ಜೊತೆಗಾದರೂ ಹೆಚ್ಚು ಮಾತಾಡಿದ್ದರೆ ಅದು ಅವನ ಜೊತೆಗೆ, ಅದೂ ಸ್ಪ್ಯಾನರಿನಲ್ಲಿ.

ನನ್ನ ಹತ್ತಿರ ಒಂದು ಡಯಲ್ ಗೇಜು ಇತ್ತು. ಬೆಂಗಳೂರಿಗೆ ಹೋಗಿ ಸ್ವಂತಕ್ಕೆಂದು ಕೊಂಡು ತಂದದ್ದು. ಕಾರ್ಖಾನೆಯ ಗೇಜುಗಳನ್ನು ನಾನು ನಂಬುತ್ತಿರಲಿಲ್ಲ. ಒಂದು ದಿನ ಅವನು ಅದನ್ನು ನನ್ನ ಡಬ್ಬದಿಂದ ತೆಗೆದುಕೊಂಡ, ಕೈಜಾರಿ ಬೀಳಿಸಿದ, ಮುಳ್ಳು ಸಿಕ್ಕಿಹಾಕಿಕೊಂಡಿತು. ಬೀಳಿಸಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಏನೂ ಆಗದವನಂತೆ ಬಟ್ಟೆಯಲ್ಲಿ ಸುತ್ತಿ ವಾಪಸ್ಸು ಡಬ್ಬದಲ್ಲಿಟ್ಟಿದ್ದ, ಅದಕ್ಕೆ ಬಂತು. ಗೇಜನ್ನು ಅವನ ಬೆಂಚಿನ ಮೇಲೆ ಕುಕ್ಕಿ "ನೀನೇ ಇಟ್ಕೋ" ಎಂದು ಬಂದೆ. ಹನ್ನೊಂದು ದಿನ ಮಾತು ಬಿಟ್ಟೆ. ಬುತ್ತಿಯನ್ನು ಬೇರೆ ಕಡೆ ಕೂತು ಉಂಡೆ. ಅವನು ತಟ್ಟಿದರೆ ಹೋಗಿ ಹಿಡಿಯುತ್ತಿದ್ದೆ, ಮುಖ ಮಾತ್ರ ನೋಡುತ್ತಿರಲಿಲ್ಲ. ನಲವತ್ತೇಳು ವರ್ಷದ ಗಂಡಸಿನ ಸಿಟ್ಟು ಅದು. ಬರೆಯುವಾಗಲೇ ನಾಚಿಕೆಯಾಗುತ್ತದೆ.

ಹನ್ನೊಂದನೆಯ ದಿನ ಅವನ ಮಶೀನಿಗೆ ಒಂದು ಸೊಟ್ಟಗಿನ, ಭಾರದ ಎರಕದ ತುಂಡು ಬಂತು. ಒಬ್ಬ ಕೈಯಲ್ಲಿ ಆನಿಸಿ ಹಿಡಿದರೆ ಮಾತ್ರ ಇನ್ನೊಬ್ಬ ಸರಿಯಾಗಿ ಬಿಗಿಯಬಹುದು. ಅವನು ಎರಡು ತಟ್ಟಿದ. ನಾನು ನನ್ನ ಹಿಡಿಕೆ ತಿರುಗಿಸುತ್ತಾ ನಿಂತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ತಟ್ಟಿದ. ಇನ್ನೂ ಒಂದು ಸಲ ತಟ್ಟಲಿ, ಆಮೇಲೆ ಹೋಗೋಣ ಎಂದುಕೊಂಡೆ. ಮೂರನೆಯ ಸಲ ತಟ್ಟಲಿಲ್ಲ. ಒಬ್ಬನೇ ಬಿಗಿದು ಮಶೀನು ಹಾಕಿದ. ಕಟ್ಟರು ಕಚ್ಚಿದ ಕೂಡಲೇ ತುಂಡು ಎದ್ದಿತು, ಅವನು ಕೈ ಅಡ್ಡ ಇಟ್ಟ. ಎಡಗೈಯ ಕೊನೆಯ ಎರಡು ಬೆರಳು ಹೋದವು.

ವಿಚಾರಣೆಯಲ್ಲಿ ಸೂಪರ್‌ವೈಸರು ನನ್ನನ್ನು ಕೇಳಿದರು, ಅವನು ಕರೆದನಾ ಎಂದು. "ಗದ್ದಲ ಸಾರ್, ನನಗೆ ಕೇಳಿಸಲಿಲ್ಲ," ಎಂದೆ. ಅವನನ್ನು ಕೇಳಿದಾಗ, ತಾನು ಕರೆಯಲೇ ಇಲ್ಲ, ತಪ್ಪು ತನ್ನದೇ ಎಂದು ಹೇಳಿದನಂತೆ. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೋದ. ಬೀಳ್ಕೊಡುಗೆಯ ದಿನ ನಾನು ರಜೆ ಹಾಕಿದೆ. ಅವನ ಜಾಗಕ್ಕೆ ಗಾಜಿನ ಬಾಗಿಲಿರುವ ಕಂಪ್ಯೂಟರ್ ಮಶೀನು ಬಂತು. ಅದನ್ನು ನಡೆಸುವವನಿಗೆ ಯಾರ ಕೈಯೂ ಬೇಕಿರಲಿಲ್ಲ. ಏಳು ವರ್ಷ ನಾನು ತಟ್ಟಲೂ ಇಲ್ಲ, ನನ್ನನ್ನು ಯಾರೂ ತಟ್ಟಿ ಕರೆಯಲೂ ಇಲ್ಲ. ಕೊನೆಗೆ ಆರೋಗ್ಯ ಸರಿಯಿಲ್ಲವೆಂದು ಬರೆದುಕೊಟ್ಟು ನಾನೂ ಅವಧಿಗೆ ಮೊದಲೇ ಬಿಟ್ಟು ಬಂದೆ.

ವೈಸು ತಂದ ಮೇಲೆ ಸಣ್ಣ ಮಶೀನಿನ ಆಸೆ ಹೇಗೂ ಮುಗಿದಿತ್ತು. ಈ ವೈಸನ್ನು ಅದರ ಮೇಲೆ ಇಟ್ಟರೆ ಕರುವಿನ ಮೇಲೆ ಮೂಟೆ ಹೇರಿದಂತೆ. ಅಷ್ಟರಲ್ಲಿ ಹೊಳೆನರಸೀಪುರದಲ್ಲಿ ಒಬ್ಬರು ವರ್ಕ್‌ಶಾಪು ಮುಚ್ಚುತ್ತಿದ್ದಾರೆ, ಹಳೆಯ ದೊಡ್ಡ ಮಿಲ್ಲಿಂಗ್ ಮಶೀನು ಇದೆ ಎಂದು ಸುದ್ದಿ ಬಂತು. ಆಲೆಮನೆಗಳ ಗಾಣಕ್ಕೆ ಗೇರು ಮಾಡಿಕೊಡುತ್ತಿದ್ದ ವರ್ಕ್‌ಶಾಪು. ಯಜಮಾನರಿಗೆ ಎಪ್ಪತ್ತೈದು ದಾಟಿತ್ತು. ಹೆಗಲ ಮೇಲೆ ಟವೆಲ್ಲು, ಎರಡೂ ಕಣ್ಣಿಗೆ ಆಪರೇಷನ್ ಆಗಿ ಹಾಕಿಕೊಂಡ ಕಪ್ಪು ಕನ್ನಡಕ.

ಮಶೀನು ಒಂದು ಟನ್ನಿಗಿಂತ ಹೆಚ್ಚು ತೂಗುವಂಥದ್ದು. ಮೈಮೇಲೆ ಎಷ್ಟೋ ವರ್ಷಗಳ ಆಯುಧಪೂಜೆಯ ಕುಂಕುಮ ಗ್ರೀಸಿನಲ್ಲಿ ಕಲೆಸಿ ಗಟ್ಟಿಯಾಗಿತ್ತು. ಹಳೆಯ ಮಶೀನು ಕೊಳ್ಳುವವನು ಮೊದಲು ಟೇಬಲ್ಲನ್ನು ನೋಡಬೇಕು. ಅಲ್ಲಿ ಕಟ್ಟರು ಕಚ್ಚಿದ ಗಾಯಗಳಿದ್ದರೆ ಅದನ್ನು ಓಡಿಸಿದವರು ಎಂಥವರು ಎಂದು ಗೊತ್ತಾಗುತ್ತದೆ. ಇದರ ಟೇಬಲ್ಲಿನ ಮೇಲೆ ಒಂದೂ ಗಾಯ ಇರಲಿಲ್ಲ. ಹಿಡಿಕೆ ತಿರುಗಿಸಿದೆ. ಸ್ಕ್ರೂನಲ್ಲಿ ಸ್ವಲ್ಪ ಆಟ ಇತ್ತು, ಹಿಡಿಕೆ ಕಾಲು ಸುತ್ತು ತಿರುಗಿದ ಮೇಲೆ ಟೇಬಲ್ಲು ಹೊರಡುತ್ತಿತ್ತು. ಆ ವಯಸ್ಸಿಗೆ ಅದು ಸಹಜ. ಜೊತೆಗೆ ಕಟ್ಟರು ಹಿಡಿಯುವ ಕೋಲೆಟ್ಟುಗಳ ಒಂದು ಪೆಟ್ಟಿಗೆ, ಕ್ಲ್ಯಾಂಪುಗಳು, ಬೋಲ್ಟುಗಳು, ಗೇರಿನ ಹಲ್ಲುಗಳನ್ನು ಸಮನಾಗಿ ಭಾಗ ಮಾಡುವ ಡಿವೈಡಿಂಗ್ ಹೆಡ್ಡು ಎಲ್ಲ ಇದ್ದವು. ನನಗೆ ಬೇಕೆನಿಸಿತು. ಬಹಳ ವರ್ಷಗಳ ಮೇಲೆ ಒಂದು ವಸ್ತು ಬೇಕೇ ಬೇಕು ಎನಿಸಿತು.

"ಜೊತೆಗೆ ಯಾರವ್ರೆ ಸಾ?" ಎಂದು ಯಜಮಾನರು ಕೇಳಿದರು.

"ಯಾರೂ ಇಲ್ಲ. ಒಬ್ಬನೇ ಮಾಡ್ತೀನಿ."

ಅವರು ಟವೆಲ್ಲಿನಿಂದ ಟೇಬಲ್ಲು ಒರೆಸಿದರು. ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. "ಒಂಟಿಯಾಗಿ ಓಡ್ಸೋರಿಗೆ ಇದ್ನ ಕೊಡಾಕಿಲ್ಲ ಸಾ. ತೆಪ್ಪು ತಿಳ್ಕೋಬ್ಯಾಡಿ. ನಲವತ್ತು ವರ್ಸ ಈ ಸೆಡ್ನಾಗೆ ಒಬ್ರೇ ಇದ್ದಾಗ ಇದ್ರ ಸ್ವಿಚ್ ಮುಟ್ಟಾಕೆ ನಾನು ಯಾರ್ಗೂ ಬುಟ್ಟಿಲ್ಲ. ಅದಕ್ಕೇ ಟೇಬ್ಲು ಅಂಗೈತೆ, ಉಡುಗ್ರ ಕೈಗಳೂ ಅಂಗವೆ. ಯಾರಾದ್ರೂ ಜೊತೆಗಾರ ಇದ್ರೆ ಕರ್ಕೊಂಬನ್ನಿ, ಇಲ್ಲಾ ಅವ್ರ ಕೈಲಿ ಒಂದು ಮಾತು ಯೋಳ್ಸಿ. ಆಮ್ಯಾಕೆ ನೋಡುವ."

ನನಗೆ ರೇಗಿತು. ಮೂವತ್ತೊಂದು ವರ್ಷದ ಅನುಭವ, ಹತ್ತು ಬೆರಳೂ ಸರಿಯಾಗಿರುವ ಕೈ ಎಂದು ಎರಡೂ ಅಂಗೈ ಮುಂದೆ ಚಾಚಿದೆ. ಚಾಚಿದವನು ತಕ್ಷಣ ಹಿಂದಕ್ಕೆಳೆದುಕೊಂಡೆ. ಹತ್ತು ಬೆರಳು ತೋರಿಸುವ ಯೋಗ್ಯತೆ ನನಗಿಲ್ಲ ಎಂದು ಅನ್ನಿಸಿತು. ಹೊಳೆ ದಾಟಿ ಬರುವ ಬಸ್ಸಿನಲ್ಲಿ ಕೂತು ಯಾರನ್ನು ಕರೆದುಕೊಂಡು ಹೋಗಲಿ ಎಂದು ಒಬ್ಬೊಬ್ಬರನ್ನೇ ನೆನೆದೆ. ನೆನೆಯಲು ಹೆಚ್ಚು ಜನ ಇರಲಿಲ್ಲ. ಹಾಲಿನವನು, ಪಕ್ಕದ ಮನೆಯ ಮೇಷ್ಟ್ರು, ಬ್ಯಾಂಕಿನ ವಾಚ್‌ಮನ್ನು. ಮಿಲ್ಲಿಂಗ್ ಮಶೀನಿನ ಪಕ್ಕದಲ್ಲಿ ನಿಲ್ಲಬಲ್ಲವನು ನನಗೆ ಗೊತ್ತಿದ್ದದ್ದು ಒಬ್ಬನೇ.

ಮಾರನೆಯ ವಾರ ಅರಕಲಗೂಡಿಗೆ ಹೋದೆ. ಅಲ್ಲಿಂದ ಆಟೋ. ಆಲೂಗೆಡ್ಡೆ ಬಿತ್ತುವ ಕಾಲ. ಅವನು ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಗೋಣಿ ಹಾಸಿಕೊಂಡು ಬಿತ್ತನೆ ಗೆಡ್ಡೆ ಹೆಚ್ಚುತ್ತಿದ್ದ. ಉಳಿದ ಮೂರು ಬೆರಳಿನಲ್ಲಿ ಗೆಡ್ಡೆ ಹಿಡಿದು, ಬಲಗೈಯಲ್ಲಿ ಚಾಕು. ಪ್ರತಿ ತುಂಡಿಗೂ ಎರಡು ಕಣ್ಣು ಬರುವಂತೆ ಸೀಳುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಚಾಕು ನಿಲ್ಲಿಸಿದ, ಮತ್ತೆ ಶುರು ಮಾಡಿದ.

"ಕುಂತ್ಕೋ," ಎಂದ.

ಅವನ ಹೆಂಡತಿ ಹೊರಗೆ ಬಂದು, "ಅಣ್ಣಾ, ಈಗ ದಾರಿ ಗೊತ್ತಾಯ್ತಾ?" ಎಂದು ಹೇಳಿ ಮಜ್ಜಿಗೆ ತಂದಿಟ್ಟಳು. ಬೇಸರ ಇಟ್ಟುಕೊಂಡು ಕೇಳಿದಳೋ ಸುಮ್ಮನೆ ಕೇಳಿದಳೋ ಗೊತ್ತಾಗಲಿಲ್ಲ. ಅವನ ಕೈಯನ್ನು ನಾನು ನೋಡುತ್ತಿದ್ದುದನ್ನು ಗಮನಿಸಿ, "ಮೋಡ ಆದ ದಿನ ಬಾಳ ನೋಯ್ತದೆ ಅಂತಾರೆ. ಇಲ್ದೇ ಇರೋ ಬೆಟ್ಟು ಎಂಗಣ್ಣ ನೋಯ್ತದೆ?" ಎಂದಳು. ನಾನು ಮಜ್ಜಿಗೆ ಕುಡಿದೆ.

ನಾನೂ ಒಂದು ಚಾಕು ತೆಗೆದುಕೊಂಡು ಗೆಡ್ಡೆ ಹೆಚ್ಚಲು ಕೂತೆ. ಒಂದು ಗಂಟೆ ಮಶೀನಿನ ಮಾತೇ ಆಯಿತು. ಅವನು ಸರಿಯಾದ ಪ್ರಶ್ನೆಗಳನ್ನೇ ಕೇಳಿದ. ಟೇಬಲ್ಲನ್ನು ಆ ತುದಿಗೆ ಓಡಿಸಿದಾಗ ಬಿಗಿಯಾಗುತ್ತದೆಯೋ, ಬೇರಿಂಗಿನ ಸದ್ದು ಹೇಗಿದೆ, ಡಿವೈಡಿಂಗ್ ಹೆಡ್ಡಿನ ತೂತಿನ ತಟ್ಟೆಗಳು ಮೂರೂ ಇವೆಯೋ. ಎರಡೇ ಇವೆ ಎಂದೆ. "ಅದ್ರಾಗೆ ಹತ್ತೊಂಬತ್ತು ತೂತಿಂದು ಐತಾ ನೋಡು," ಎಂದ. ಇಷ್ಟು ವರ್ಷ ಗೆಡ್ಡೆ, ಹೊಗೆಸೊಪ್ಪು ಮಾಡಿಕೊಂಡಿದ್ದವನು ಒಂದನ್ನೂ ಮರೆತಿರಲಿಲ್ಲ. ಯಜಮಾನರು ಇಟ್ಟ ಷರತ್ತನ್ನೂ ಹೇಳಿದೆ. ಅವನು ಇನ್ನೊಂದು ಗೆಡ್ಡೆ ಎತ್ತಿಕೊಂಡು ಕಣ್ಣು ನೋಡಿ ಸೀಳಿದ.

ನಾನು ಮಶೀನಿಗೆ ಜೊತೆ ಕೇಳಲು ಬಂದಿದ್ದೆ. ಕೇಳುವ ಮುಂಚೆ ಹೇಳಬೇಕಾದ ಮಾತೊಂದು ಇತ್ತು. ಅದನ್ನು ಹೇಳದೆ ಇವನು ಒಪ್ಪಿ ಬಂದುಬಿಟ್ಟರೆ ಅದಕ್ಕಿಂತ ಹೀನ ಕೆಲಸ ಇನ್ನೊಂದಿರಲಿಲ್ಲ. ಕೈಯಲ್ಲಿದ್ದ ಗೆಡ್ಡೆ ನೋಡುತ್ತಲೇ ಹೇಳಿದೆ.

"ಅವತ್ತು ನನಗೆ ಕೇಳಿಸಿತ್ತು ಕಣೋ. ಎರಡು ಸಲವೂ."

ಅವನ ಚಾಕು ನಿಲ್ಲಲಿಲ್ಲ. "ಗೊತ್ತು ಕಣ್ಲಾ," ಎಂದ.

ನಾನು ತಲೆಯೆತ್ತಿದೆ.

"ತಟ್ಟಿದ್ದು ಕಿವಿಗೆ ಬಿದ್ರೆ ನಿನ್ ಬಲಗಡೆ ಬುಜ ಏಳ್ತದೆ. ಇಪ್ಪತ್ನಾಕು ವರ್ಸ ನೋಡಿವ್ನಿ. ಅವತ್ತೂ ಎದ್ದುತ್ತು. ಎಲ್ಡು ಸಲನೂ."

"ಮತ್ತೆ ವಿಚಾರಣೆಯಲ್ಲಿ ಕರೆಯಲೇ ಇಲ್ಲ ಅಂತ ಯಾಕೆ ಹೇಳಿದೆ?"

"ಕರ್ದೆ, ಬರ್ಲಿಲ್ಲ ಅಂತ ಯೋಳಿ ಏನ್ಲಾ ಮಾಡ್ಲಿ, ನಿನ್ ಕೆಲ್ಸ ಕಳೀಲಾ? ನೀನೇ ಬಂದು ಯೋಳ್ತೀಯ ಅನ್ಕಂಡಿದ್ದೆ. ಆಸ್ಪತ್ರೇಲಿ ಕಾದೆ. ಊರ್ಗೆ ಬಂದ್ಮ್ಯಾಕೆ ಒಂದು ವರ್ಸ ಕಾದೆ. ಬಸ್ಸಿನ್ ಸದ್ದಾದ್ರೆ ರಸ್ತೆ ನೋಡ್ತಿದ್ದೆ. ಆಮ್ಯಾಕೆ ಬುಟ್ಬುಟ್ಟೆ."

ನಾನು ತಪ್ಪಾಯಿತು ಎಂದೆ. ಅದು ತೀರಾ ಸಣ್ಣ ಮಾತಾಗಿ ಕೇಳಿಸಿತು. ಅವನು ಎದ್ದು ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಒಂದು ಸಣ್ಣ ಡಬ್ಬ ಇತ್ತು. ತೆರೆದೆ. ನನ್ನ ಡಯಲ್ ಗೇಜು. ತುದಿ ಮುಟ್ಟಿದರೆ ಮುಳ್ಳು ನೀರಿನ ಹಾಗೆ ಓಡಿತು.

"ಬೆಂಗಳೂರ್ಗೆ ಕಳ್ಸಿ ಸರಿ ಮಾಡ್ಸಿದ್ದೆ. ಅವತ್ತು ಬೆಳಗ್ಗೆ ಕೊಡಾಕೇಂತ ತಂದಿದ್ದೆ. ಕೆಲ್ಸಕ್ಕೆ ಕೈ ಕೊಡಾಕೆ ಬತ್ತೀಯಲ್ಲ, ಆಗ ಕೊಡುವ ಅನ್ಕಂಡೆ."

ಇದನ್ನು ಕೇಳಿದ ಮೇಲೆ ನನಗೆ ಅಲ್ಲಿ ಕೂರಲು ಆಗಲಿಲ್ಲ. ಏಳಲೂ ಆಗಲಿಲ್ಲ. ಹೆಚ್ಚಿದ ಗೆಡ್ಡೆಗಳಿಗೆ ಬೂದಿ ಹಚ್ಚುತ್ತಾ ಅವನೇ ಮುಂದಿನ ಮಾತು ಎತ್ತಿದ.

"ನಾನು ಬರಾಕಿಲ್ಲ ಕಣ್ಲಾ. ಕಟ್ಟ್ರು ಕಬ್ಬಿಣ ಕಚ್ಚೋ ಸದ್ದು ನನ್ ಕೈಲಿ ಕೇಳಾಕಾಗಲ್ಲ. ಆದ್ರೆ ಆ ಯಜಮಾನ್ರ ನಂಬರ್ ಕೊಡು."

ಅವನೇ ಫೋನು ಮಾಡಿದ. ತಾನು ಇವರ ಜೊತೆಗಾರ, ಪಕ್ಕದ ಮಶೀನಿನವನು, ಒಂಟಿಯಾಗಿ ಓಡಿಸಲು ಬಿಡುವುದಿಲ್ಲ ಎಂದು ಮಾತು ಕೊಟ್ಟ. ಫೋನು ಇಟ್ಟು ನನ್ನ ಕಡೆ ತಿರುಗಿದ.

"ಮಶೀನ್ ಆಕೋ ಮುಂಚೆ ಫೋನ್ ಮಾಡು. ಮಾತು ಬ್ಯಾಡ. ಎಲ್ಡು ತಟ್ಟು. ನಾನು ಒಂದು ತಟ್ಟಿದ್ಮ್ಯಾಕೆ ಆಕು. ಮುಗುದ್ಮ್ಯಾಕೆ ಇನ್ನೊಂದ್ಸಲ ಫೋನ್ ಮಾಡಿ ತಟ್ಟು. ಬರ್ಲಿಲ್ಲಾಂದ್ರೆ ನಾನು ಅಲ್ಲಿ ಯಾರ್ಗಾದ್ರೂ ಯೋಳಿ ಕಳುಸ್ತೀನಿ. ಇಷ್ಟೇ ನನ್ ಕೈಲಾಗೋದು."

ಮುದ್ದೆ ಉಂಡುಕೊಂಡು ಹೋಗಿ ಎಂದು ಅವನ ಹೆಂಡತಿ ಕರೆದಳು. ಅವನು ಕರೆಯಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟೆ. ಪಕ್ಕದ ಮನೆಯ ಮೇಷ್ಟ್ರ ನಂಬರನ್ನು ಅವನಿಗೆ ಬರೆದುಕೊಟ್ಟು ಬಂದೆ.

ಮಶೀನು ಕ್ರೇನಿನಲ್ಲಿ ಇಳಿಯಿತು. ನಮ್ಮ ಬೀದಿಯವರೆಲ್ಲ ನೋಡಲು ಬಂದರು, ಹಾಲಿನವನು ಎಷ್ಟು ಅಕ್ಕಿ ಬೀಸುತ್ತದೆ ಎಂದು ಕೇಳಿದ. ಕಾಂಕ್ರೀಟು ಹಾಕಿ, ಮಟ್ಟ ನೋಡಿ ನಿಲ್ಲಿಸಲು ಹತ್ತು ದಿನ ಹಿಡಿಯಿತು. ಸಂದಿನ ಕುಂಕುಮವನ್ನೆಲ್ಲ ಕೆರೆದು ತೆಗೆದೆ, ಮುಂಭಾಗದ ಒಂದು ಬೊಟ್ಟನ್ನು ಮಾತ್ರ ಬಿಟ್ಟೆ. ಅದು ಹೊಳೆನರಸೀಪುರದ ಯಜಮಾನರದ್ದು, ನಾನು ತೆಗೆಯುವುದು ಸರಿಯಲ್ಲ ಎನ್ನಿಸಿತು. ಚನ್ನರಾಯಪಟ್ಟಣದ ವೈಸನ್ನು ಟೇಬಲ್ಲಿನ ಮೇಲೆ ಕೂರಿಸಿದೆ. ಅರಕಲಗೂಡಿನಿಂದ ಬಂದ ಗೇಜನ್ನು ತಾಕಿಸಿ, ಟೇಬಲ್ಲನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ವೈಸನ್ನು ಕೂದಲೆಳೆಯಷ್ಟೇ ತಳ್ಳುತ್ತಾ ನೇರ ಮಾಡಿದೆ. ಕೊನೆಗೆ ಮುಳ್ಳು ಅಲುಗಾಡದೆ ನಿಂತಿತು. ನೋಡು ಎಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ನಮ್ಮ ಕಡೆ ತ್ರೀ ಫೇಸ್ ಕರೆಂಟು ಸರಿಯಾಗಿ ಇರುವುದು ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ. ಒಂಬತ್ತೂವರೆಗೆ ಫೋನು ಮಾಡಿ, ಅದನ್ನು ವೈಸಿನ ಹತ್ತಿರ ಹಿಡಿದು ಎರಡು ತಟ್ಟುತ್ತೇನೆ. ಆ ಕಡೆಯಿಂದ ಒಂದು ಬರುತ್ತದೆ. ಒಂದು ದಿನ ಚೊಂಬಿನ ಸದ್ದು, ಒಂದು ದಿನ ಗುದ್ದಲಿಯ ಸದ್ದು, ಮತ್ತೊಂದು ದಿನ ಯಾವುದೋ ಪೈಪಿನ ಸದ್ದು. ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ಆ ಸದ್ದಿನಲ್ಲೇ ಊಹಿಸುತ್ತೇನೆ. ಮಾತಿಲ್ಲ. ಹೇಗಿದ್ದೀಯಾ ಎಂದು ಕೇಳಲು ಎರಡು ಮೂರು ಸಲ ಬಾಯಿ ತೆರೆದೆ, ಅಷ್ಟರಲ್ಲಿ ಕಟ್ ಮಾಡಿರುತ್ತಾನೆ. ದಿನಕ್ಕೆ ಎರಡು ಸಲ, ಕಾಲು ನಿಮಿಷದಂತೆ. ಉಳಿದ ದಿನವೆಲ್ಲ ನಾನು ಬಾಯಿ ತೆರೆಯುವುದು ಅಂಗಡಿಯಲ್ಲಿ ಬ್ರೆಡ್ಡು ಕೇಳಲು ಮಾತ್ರ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಗಡಿಯಾರ ನೋಡುವ ಅಭ್ಯಾಸ ಮತ್ತೆ ಬಂದಿದೆ. ಅದು ನನಗೆ ಸಂತೋಷವೇ.

ಮೊನ್ನೆ ಕೊರವಂಗಲ ಕಡೆಯವರೊಬ್ಬರು ಗಾಣದ ಗೇರು ಕೊಟ್ಟು ಹೋಗಿದ್ದರು, ನಾಲ್ಕು ಹಲ್ಲು ಮುರಿದದ್ದು. ಹೊಸದು ಕೊರೆಯಲು ತುಂಡನ್ನು ಡಿವೈಡಿಂಗ್ ಹೆಡ್ಡಿಗೆ ಸಿದ್ಧ ಮಾಡಿಟ್ಟುಕೊಂಡು ಫೋನು ಮಾಡಿದೆ. ಬೆಳಗಿನಿಂದಲೂ ದಟ್ಟ ಮೋಡ. ಫೋನು ಎತ್ತಿದ. ಎರಡು ತಟ್ಟಿದೆ. ಉತ್ತರ ಬರಲಿಲ್ಲ. ಕೋಳಿಯ ಸದ್ದು ಕೇಳುತ್ತಿತ್ತು, ಅವನು ಉಸಿರಾಡುವುದೂ ಕೇಳುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ತಟ್ಟಿದೆ. ದೂರದಿಂದ ಅವನ ಹೆಂಡತಿ "ಯಾರ್ದು ಫೋನು?" ಎಂದು ಕೇಳಿದಳು.

"ಯಾರೂ ಇಲ್ಲ ಕಣೆ," ಎಂದ. ಫೋನು ಕಟ್ಟಾಯಿತು.

ಅವನ ಕೈ ನೋಯುತ್ತಿರಬೇಕು. ಕೇಳಿಸಿಯೂ ಸುಮ್ಮನಿರುವುದು ಹೇಗೆಂದು ಅವನಿಗೆ ಕಲಿಸಿದವನು ನಾನೇ. ಆ ಕಡೆ ನಿಂತು ತಟ್ಟುವವನಿಗೆ ಹೇಗಿರುತ್ತದೆ ಎಂದು ನನಗೆ ಇಷ್ಟು ವರ್ಷಗಳಲ್ಲಿ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಒಬ್ಬನೇ ಓಡಿಸಬಲ್ಲೆ, ಕೈಯೂ ಪಳಗಿದೆ. ಮುಟ್ಟಲಿಲ್ಲ. ಅವನು ಮತ್ತೆ ಮಾಡಬಹುದೆಂದು ಫೋನನ್ನು ವೈಸಿನ ಮೇಲೆ ಇಟ್ಟು, ಸ್ಟೂಲಿನ ಮೇಲೆ ಕೂತು ಕಾದೆ. ಶೀಟಿನ ಮೇಲೆ ಹನಿ ಬಿದ್ದು ನಿಂತಿತು. ಹನ್ನೆರಡಕ್ಕೆ ಕರೆಂಟು ಹೋಯಿತು. ಮಶೀನಿಗೆ ಹೊದಿಕೆ ಹೊದಿಸಿ, ನಾಳೆ ಒಂಬತ್ತೂವರೆಗೆ ಮತ್ತೆ ತಟ್ಟಿದರಾಯಿತು ಎಂದುಕೊಂಡು ಅಕ್ಕಿ ತೊಳೆಯಲು ಒಳಗೆ ಹೋದೆ.